ಕಾರಣದ ಕಾಲಂ

ಸೇಡಂ ಸರಕಾರಿ ದವಾಖಾನ್ಯಾಗ
ಹತ್ತೊಂಬತ್ತು ವರ್ಷದಿಂದ ಗಾಯ ತೊಳಿಲತ್ತೀನಿ.
ರಿಜಿಸ್ಟರಿನ್ಯಾಗ ಆರು ಕಾಲಂ ಅವ.
ಹೆಸರು, ವಯಸ್ಸು, ಊರು, ಹೊತ್ತು, ಗಾಯ,
ಇವು ಐದು ತುಂಬೂದು ಸರಳ.
ಆರನೇದು ಕಾರಣ.

ಫರಸಿ ಮ್ಯಾಲ ಜಾರಿ ಬಿದ್ದೀನಿ, ಅಂತಾಳ ಚಂದಮ್ಮ.
ಫರಸಿಗಿ ಐದು ಬೆರಳು ಇರ್ತಾವೇನವ್ವಾ
ಅಂತ ನಾ ಕೇಳಲ್ಲ.
ಬಾಗಿಲದಾಗ ಆತ ನಿಂತಾನ,
ಆಕಿ ಚಪ್ಪಲಿ ಕೈಯಾಗ ಹಿಡಕೊಂಡು,
ಭಾಳ ಜೀವ ಇದ್ದವನಾಂಗ.
ಕೇಳ್ದಾವ ನಾ,
ಆಕಿ ಉತ್ತರ ಕೊಡೂದು ಬಾಗಿಲಕ್ಕ.
ಬರ್ದೆ: ಜಾರಿ ಬಿದ್ದದ್ದು.

ಖೈರುನ್ನಿಸಾಗ ಎಮ್ಮಿ ಹಾಯ್ದದಂತ.
ಎಮ್ಮಿ ಮಾರಿ ಎರಡು ವರ್ಷ ಆಯ್ತಣ್ಣಾ
ಅಂತ ಹೋದ ಸಲ ಆಕಿನೇ ಹೇಳಿದ್ಳು.
ಮರ್ತಾಳ.
ನಾನೂ ಮರ್ತು, ಎಮ್ಮಿ ಅಂತ ಬರ್ದೆ.

ಒಂದಿನ ಭೀಮಶಾ ಬಂದ,
ಸಿಮೆಂಟ್ ಚೀಲ ಹೊರಾವ,
ಎರಡು ಚೀಲ ಒಮ್ಮೆಲೇ ಎತ್ತೂ ಆಳು.
ಮುಂಗೈ ಮ್ಯಾಲ ಸುಟ್ಟ ಗೆರಿ,
ರೊಟ್ಟಿ ಹಂಚಿನ ಅಂಚು ಇದ್ದಾಂಗೇ ಡೊಂಕ.
ಗಾಡಿ ಸೈಲೆನ್ಸರ್ ತಾಗ್ಯದ, ಅಂದ.
ಸೈಲೆನ್ಸರ್ ಮುಂಗೈಗಿ ತಾಗಲ್ಲೋ ತಮ್ಮಾ, ಅಂದೆ.
(ಗಂಡಸಿಗಿ ಕೇಳಲಾಕ ನನಗ ಅಂಜಿಕಿ ಇದ್ದಿಲ್ಲ ನೋಡ್ರಿ.)
ಕಿವಿ ಹತ್ರ ಬಂದು ಹೇಳಿದ: ಮನ್ಯಾಕಿ.
ಹಿಂದ ನಿಂತ ಪೊಲೀಸಪ್ಪಗ ಕೇಳಿಸ್ತು.
ನಕ್ಕ ಅಂದ್ರ ನಕ್ಕ,
ಚಹಾದ ಹುಡುಗನ್ನ ಕರ್ದು ಅವನಿಗೂ ಹೇಳಿದ.
ಸುಳ್ಳ್ಯಾಕ ಹೇಳಲಿ, ನಾನೂ ನಕ್ಕೆ.
ಭೀಮಶಾನ ಕಣ್ಣಾಗ ನೀರು ಬಂತು,
ಮುಲಾಮು ಉರಿತದ, ಅಂದ.
ಆ ಮುಲಾಮು ಉರಿಯೂದಲ್ಲ.

ಕೈ ಕಟ್ಟೂ ಮುಂದ ಕೇಳಿದೆ,
ಇವತ್ತು ರಾತ್ರಿ ಎಲ್ಲಿ ಮಲಗ್ತಿ?
ಮನ್ಯಾಗ್ರೀ, ಅಂದ. ಮತ್ತೆಲ್ಲಿ?
ಅದೇ ಮಾತು ಚಂದಮ್ಮಗ ಕೇಳಿದಾಗ,
ಎರಡನೇ ಸಲ ಬಂದಿದ್ಳು, ಪಕ್ಕಡಿ ಮುರಿದು,
ಆಕಿ ಗ್ವಾಡಿ ಮ್ಯಾಗಿನ ಗಡಿಯಾರ ನೋಡಿ,
ಸಣ್ಣ ದನಿ ತೆಗ್ದು,
ಅಣ್ಣಾ, ಚಿತ್ತಾಪುರಕ್ಕ ಈ ಹೊತ್ತಿನ್ಯಾಗ
ಬಸ್ ಇರ್ತದೇನು? ಅಂದ್ಳು.
ಇದ್ದಿಲ್ಲ.
ಇಲ್ಲ ಅಂತ ಹೇಳಿ, ಪಟ್ಟಿ ಸುತ್ತಿ ಕಳಿಸ್ದೆ.

ಸುಟ್ಟದ್ದು ಸುಟ್ಟದ್ದೇ, ಚರ್ಮಕ್ಕ ಜಾತಿ ಇಲ್ಲ.
ಇಬ್ಬರಿಗೂ ಅದೇ ಹತ್ತಿ, ಅದೇ ಬಿಳಿ ಪಟ್ಟಿ.
ಆದ್ರ ಒಬ್ಬರು ಗಾಯ ತಗೊಂಡು ಮನಿಗಿ ಹೋಗ್ತಾರ,
ಒಬ್ಬರು ಗಾಯದ ಬಾಯಿಗೇ ಹೋಗ್ತಾರ.

ಮೂರನೇ ಸಲ ಚಂದಮ್ಮ ನನ್ನ ಕೋಣಿಗಿ ಬರಲಿಲ್ಲ.
ಹಿಂದಿನ ಕೋಣಿ, ಬೇವಿನ ಗಿಡದ ಹತ್ರ,
ಅಲ್ಲಿ ರಿಜಿಸ್ಟರ್ ಬ್ಯಾರೆ.
ಹಳೇ ದಾಖಲಿ ತಗೊಂಡು ಬಾ, ಅಂದ್ರು ಡಾಕ್ಟರು.
ಒಯ್ದು ಕೊಟ್ಟೆ.
ನನ್ನ ಅಕ್ಷರ ದುಂಡಗ ಅವ,
ಸಾಲಿಯಾಗ ಮಾಸ್ತರು ಹೊಗಳತಿದ್ರು:
ಜಾರಿ ಬಿದ್ದದ್ದು.
ಜಾರಿ ಬಿದ್ದದ್ದು.

ಅವತ್ತು ಮನಿಗಿ ಬಂದು ಉಣಲಾಕ ಕುಂತೆ.
ಜಗದೇವಿ ರೊಟ್ಟಿ ಬಡಿಲತ್ತಿದ್ಳು.
ಪುಂಡಿಪಲ್ಯಾಕ್ಕ ಉಪ್ಪು ಕಮ್ಮಿ ಬಿದ್ದಿತ್ತು.
ಏನೂ ಅನ್ನದೆ ಎದ್ದು,
ಆಕಿ ತಲಿ ಮ್ಯಾಗಿನ ಮಾಡದಾಗಿನ ಡಬ್ಬಿಗಿ
ಕೈ ಎತ್ತಿದೆ.

ರೊಟ್ಟಿ ಸಪ್ಪಳ ನಿಂತ್ತು.
ಆಕಿ ಹೆಗಲು ಕಿವಿತನಕ ಏರಿದ್ವು,
ಕಣ್ಣು ಗಟ್ಟ್ಯಾಗಿ ಮುಚ್ಚಿದ್ವು,
ಹಿಟ್ಟಿನ ಕೈ ಮಾರಿಗಿ ಅಡ್ಡ.

ಒಂದೇ ಸಲ.
ಮದುವ್ಯಾದ ಮರುವರ್ಷ, ಒಂದೇ ಒಂದು ಸಲ.
ನಾ ಮರ್ತಿದ್ದೆ,
ಇಲ್ಲಾ, ಮರ್ತೀನಿ ಅಂತ ಬರಕೊಂಡಿದ್ದೆ.

ಏನಾಯ್ತು? ಅಂದೆ.
ಏನಿಲ್ಲ, ಅಂದ್ಳು, ಬಾಗಿಲ ಕಡಿ ನೋಡಿ.
ಹೊಗಿ ಕಣ್ಣಾಗ ಹೋಯ್ತು.
ಗ್ಯಾಸಿನ ಒಲಿ ನಮ್ಮದು.

ಉಪ್ಪಿನ ಡಬ್ಬಿ ಸಿಕ್ಕದ ಕೈಗಿ.
ಎತ್ತಿದ ಕೈ
ಆಕಿ ಮುಂದ ಇಳಸೂದು ಹ್ಯಾಂಗ ಅಂತ ತಿಳೀದೆ
ಹಾಂಗೇ ನಿಂತೆ,
ಹಂಚಿನ ಮ್ಯಾಲ ರೊಟ್ಟಿ ಕರ್ರಗಾಗೂತನಕ.